ಎಲೋಹೀಮ್ ಮತ್ತು ದೇವರು: ಒಂದು ಹೀಬ್ರೂ ಶಬ್ದದ ಅರ್ಥವೂ ವ್ಯಾಕರಣವೂ

ಪ್ರಾಚೀನ ಪಶ್ಚಿಮ ಏಷ್ಯದ ಇತಿಹಾಸವನ್ನು ಬೋಧಿಸುವ ಅಧ್ಯಾಪಕನು ಹೀಬ್ರೂ ಜನರ ಪ್ರಕರಣಕ್ಕೆ ಬಂದಾಗ, ಏಕದೇವೋಪಾಸನೆಯನ್ನು ಲೋಕಕ್ಕೆ ಕೊಟ್ಟವರು ಇವರೆಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ರಾಜಾಜಿನಗರದ ನಮ್ಮ ತರಗತಿಯಲ್ಲಿ ನಾನೂ ಹಾಗೆಯೇ ಹೇಳಿ ಮುಗಿಸುವುದರಲ್ಲಿದ್ದೆನು. ಆಗ ಒಬ್ಬ ವಿದ್ಯಾರ್ಥಿಯು ಎದ್ದುನಿಂತು, ಆ ಜನರು ತಮ್ಮ ದೇವರನ್ನು ಕರೆಯುತ್ತಿದ್ದ ‘ಎಲೋಹೀಮ್’ ಎಂಬ ಶಬ್ದವು ಬಹುವಚನವೆಂದು ತಾನು ಓದಿರುವುದಾಗಿಯೂ, ಒಬ್ಬನೇ ದೇವರನ್ನು ನಂಬಿದವರಿಗೆ ಬಹುವಚನವೇಕೆ ಬೇಕಾಯಿತೆಂದೂ ಕೇಳಿದನು. ನಾನು ಉತ್ತರವನ್ನು ಹುಡುಕುತ್ತಿದ್ದಂತೆ ತರಗತಿಯಲ್ಲಿಯೇ ಎರಡು ಸಮಾಧಾನಗಳು ಬಂದುವು. ಅವರು ಮೊದಲು ಅನೇಕ ದೇವತೆಗಳನ್ನು ಪೂಜಿಸುತ್ತಿದ್ದರು, ಶಬ್ದವು ಅದರ ಅವಶೇಷ ಎಂಬುದು ಒಂದು. ಕ್ರೈಸ್ತರ ತ್ರಿತ್ವವು ಅದರಲ್ಲಿ ಬೀಜರೂಪವಾಗಿ ಅಡಗಿದೆ ಎಂಬುದು ಇನ್ನೊಂದು. ಕೊನೆಗೆ ಕೆಂಗೇರಿಯ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿಯು, “ಸಾರ್, ನಾವು ಕೂಡ ‘ದೇವರು ಇದ್ದಾನೆ’ ಎಂದೇ ಅನ್ನುತ್ತೇವಲ್ಲ?” ಎಂದಳು.

ಮೊದಲಿನ ಎರಡು ಉತ್ತರಗಳು ಪುಸ್ತಕಗಳಿಂದ ಬಂದವು. ಮೂರನೆಯದು ಮನೆಯ ಮಾತಿನಿಂದ ಬಂದುದು. ವಿಚಾರಮಾಡಿ ನೋಡಿದಷ್ಟೂ ಮೂರನೆಯದೇ ಹೆಚ್ಚು ದೂರ ಹೋಗತಕ್ಕದ್ದೆಂದು ನನಗೆ ತೋರಿತು. ಪ್ರಕೃತ ಲೇಖನವು ಆ ಮಾತನ್ನು ಹಿಡಿದು ಹೊರಟದ್ದು.

ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ದೇವರನ್ನು ಹೇಳುವ ಸಾಮಾನ್ಯ ನಾಮಪದಗಳು ಮೂರು: ಎಲ್, ಎಲೋಹ, ಎಲೋಹೀಮ್. ಇವುಗಳಲ್ಲಿ ‘ಎಲ್’ ಎಂಬುದು ಸೆಮಿಟಿಕ್ ಭಾಷಾವರ್ಗದ ಅತಿ ಪುರಾತನ ಶಬ್ದ. ಅಕ್ಕಾಡಿಯನ್ ಭಾಷೆಯ ‘ಇಲು’ ಇದರ ಸೋದರ. ‘ಎಲೋಹ’ ಎಂಬುದು ಅರಾಮಾಯಿಕ್ ಭಾಷೆಯ ‘ಎಲಾಹ್’, ಅರಬ್ಬಿಯ ‘ಇಲಾಹ್’ ಎಂಬ ಶಬ್ದಗಳಿಗೆ ಸಮಾನವಾದುದು. ಇದು ಹೆಚ್ಚಾಗಿ ಯೋಬನ ಗ್ರಂಥದ ಪದ್ಯಭಾಗದಲ್ಲಿ ಕಾಣಬರುತ್ತದೆ. ಎಲ್ ಮತ್ತು ಎಲೋಹ ಶಬ್ದಗಳು ಒಂದೇ ಧಾತುವಿನಿಂದ ಹುಟ್ಟಿದುವೇ, ಮೂಲಾರ್ಥವು ‘ಬಲ’ವೇ ‘ಭಯ’ವೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ರೂಪದ ವಿಷಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ಹೀಬ್ರೂವಿನಲ್ಲಿ ಪುಲ್ಲಿಂಗದ ಬಹುವಚನ ಪ್ರತ್ಯಯ ‘ಈಮ್’. ಎಲೋಹ ಎಂಬುದಕ್ಕೆ ಅದು ಸೇರಿ ಎಲೋಹೀಮ್ ಆಗಿದೆ. ಮತ್ತೊಂದು ನಾಮಪದದೊಡನೆ ಸಂಬಂಧ ಹೇಳುವಾಗ ಅದು ‘ಎಲೋಹೇ’ ಆಗುತ್ತದೆ. ‘ನಮ್ಮ’ ಎಂಬ ಅರ್ಥದ ಪ್ರತ್ಯಯ ಸೇರಿದರೆ ‘ಎಲೋಹೇನು’. ಇವೆಲ್ಲವೂ ಬಹುವಚನದ ರೂಪಗಳೇ. ಹಳೆಯ ಒಡಂಬಡಿಕೆಯಲ್ಲಿ ಈ ಶಬ್ದವು ೨೫೦೦ಕ್ಕೂ ಹೆಚ್ಚು ಬಾರಿ ಬಂದಿದೆ. ಹೀಗೆ ಹೆಜ್ಜೆಹೆಜ್ಜೆಗೂ ಎದುರಾಗುವ ಶಬ್ದವೊಂದು ಆಕಸ್ಮಿಕ ತಪ್ಪಿನಿಂದ ಬಹುವಚನವಾಗಿರಲಾರದು.

ಅರ್ಥದ ಹರಹು ರೂಪಕ್ಕಿಂತ ವಿಶಾಲವಾದುದು. ಇಸ್ರಾಯೇಲ್ಯರ ದೇವರಿಗೂ ಎಲೋಹೀಮ್, ಅನ್ಯಜನರ ದೇವತೆಗಳಿಗೂ ಎಲೋಹೀಮ್. ಚೀದೋನ್ಯರ ಅಷ್ಟೋರೆತ್ ಹೆಣ್ಣು ದೇವತೆ. ಅವಳನ್ನು ಹೇಳುವಾಗಲೂ (೧ ಅರಸುಗಳು ೧೧:೫) ಇದೇ ಪುಲ್ಲಿಂಗ ಬಹುವಚನವೇ ಬರುತ್ತದೆ, ಏಕೆಂದರೆ ‘ದೇವಿ’ ಎಂಬ ಅರ್ಥದ ಪ್ರತ್ಯೇಕ ಶಬ್ದವನ್ನು ಹಳೆಯ ಒಡಂಬಡಿಕೆಯ ಹೀಬ್ರೂ ಬಳಸುವುದೇ ಇಲ್ಲ. ವಿಮೋಚನಕಾಂಡದಲ್ಲಿ (೭:೧) ಮೋಶೆಯನ್ನು ಫರೋಹನ ಪಾಲಿಗೆ ಎಲೋಹೀಮ್ ಆಗಿ ಮಾಡಲಾಯಿತೆಂದು ಹೇಳಿದೆ. ಅದೇ ಗ್ರಂಥದ ೨೧ನೆಯ ಅಧ್ಯಾಯದಲ್ಲಿ ತನ್ನ ಒಡೆಯನನ್ನು ಬಿಟ್ಟುಹೋಗಲೊಲ್ಲದ ದಾಸನನ್ನು ಎಲೋಹೀಮ್ ಸನ್ನಿಧಿಗೆ ಕರೆದೊಯ್ಯಬೇಕೆಂಬ ವಿಧಿಯಿದೆ. ಅಲ್ಲಿ ಈ ಶಬ್ದಕ್ಕೆ ದೇವರೆಂದು ಕೆಲವರೂ ನ್ಯಾಯಾಧಿಪತಿಗಳೆಂದು ಕೆಲವರೂ ಅರ್ಥಮಾಡಿದ್ದಾರೆ. ೮ನೆಯ ಕೀರ್ತನೆಯಲ್ಲಿ ಮನುಷ್ಯನು ಎಲೋಹೀಮ್‌ಗಿಂತ ಸ್ವಲ್ಪವೇ ಕಡಿಮೆಯೆಂದಿರುವ ಕಡೆ ಗ್ರೀಕ್ ಅನುವಾದಕರು ‘ದೇವದೂತರು’ ಎಂದು ಬರೆದರು. ಎಲ್ಲಕ್ಕಿಂತ ವಿಲಕ್ಷಣವಾದ ಪ್ರಯೋಗವು ೧ ಸಮುವೇಲ ೨೮ನೆಯ ಅಧ್ಯಾಯದ್ದು. ಸೌಲ ರಾಜನು ಏಂದೋರ್ ಎಂಬ ಊರಿನ ಒಬ್ಬ ಸ್ತ್ರೀಯ ಬಳಿಗೆ ವೇಷಮರಸಿಕೊಂಡು ಹೋಗಿ, ಸತ್ತುಹೋಗಿದ್ದ ಸಮುವೇಲನನ್ನು ಎಬ್ಬಿಸಿಕೊಡಲು ಕೇಳುತ್ತಾನೆ. ಆಕೆ ನೆಲದೊಳಗಿನಿಂದ ಎಲೋಹೀಮ್ ಏರಿಬರುತ್ತಿರುವುದನ್ನು ಕಂಡೆನೆನ್ನುತ್ತಾಳೆ. ಆಕೆಯ ಕ್ರಿಯೆಯೂ ಬಹುವಚನ. ಆದರೆ ಅರಸನು ಮರುಕ್ಷಣವೇ ‘ಅವನ ರೂಪವೆಂತಹದು’ ಎಂದು ಏಕವಚನದಲ್ಲಿ ಕೇಳುತ್ತಾನೆ! ಬಂದದ್ದು ಒಬ್ಬ ಮುದುಕನೆಂಬುದು ಇಬ್ಬರಿಗೂ ಗೊತ್ತಾಗುತ್ತದೆ.

ಈಗ ಕ್ರಿಯಾಪದದ ವಿಚಾರ. ನಮ್ಮ ಪ್ರಶ್ನೆಯ ಗಂಟಿರುವುದು ಇಲ್ಲಿಯೇ. ಆದಿಕಾಂಡದ ಮೊದಲನೆಯ ವಾಕ್ಯದಲ್ಲಿ ಸೃಷ್ಟಿಕಾರ್ಯವನ್ನು ಹೇಳುವ ಕ್ರಿಯಾಪದ ‘ಬಾರಾ’. ಅದು ಪ್ರಥಮಪುರುಷ, ಪುಲ್ಲಿಂಗ, ಏಕವಚನ. ಕರ್ತೃಪದ ಎಲೋಹೀಮ್. ಎಂದರೆ ಬಹುವಚನದ ಕರ್ತೃವಿಗೆ ಏಕವಚನದ ಕ್ರಿಯೆ. ಇಸ್ರಾಯೇಲ್ಯರ ದೇವರ ವಿಷಯದಲ್ಲಿ ಇದೇ ನಿಯಮ. ಅನ್ಯ ದೇವತೆಗಳು ಹಲವರೆಂಬ ಅರ್ಥವಿದ್ದರೆ ಕ್ರಿಯೆಯೂ ವಿಶೇಷಣವೂ ಬಹುವಚನವನ್ನು ತಾಳುತ್ತವೆ. ನಾಮಪದವು ಎರಡು ಕಡೆಯೂ ಒಂದೇ ಆಗಿರುವುದರಿಂದ ಒಬ್ಬನೋ ಹಲವರೋ ಎಂಬುದನ್ನು ಹೇಳುವ ಭಾರವೆಲ್ಲ ಕ್ರಿಯಾಪದದ ಮೇಲೆ ಬೀಳುತ್ತದೆ. ಏಲಿ ಎಂಬ ಯಾಜಕನು ಬಾಲಕನಾದ ಸಮುವೇಲನನ್ನು ಆಣೆಯಿಟ್ಟು ಗದರಿಸುವಾಗ ಎಲೋಹೀಮ್ ಎಂಬುದಕ್ಕೆ ಏಕವಚನದ ಕ್ರಿಯೆ ಬಂದಿದೆ. ಅದೇ ಆಣೆಯ ಸೂತ್ರವನ್ನು ಚೀದೋನ್ಯರ ರಾಜಪುತ್ರಿಯಾದ ಈಜೆಬೆಲಳೂ ಅರಾಮ್ಯರ ಅರಸನಾದ ಬೆನ್ಹದದನೂ ಹೇಳುವಾಗ (೧ ಅರಸುಗಳು ೧೯:೨, ೨೦:೧೦) ಕ್ರಿಯೆ ಬಹುವಚನ. ಕಥೆಗಾರನು ಆಡುವವರ ಧರ್ಮವನ್ನು ಒಂದು ಪ್ರತ್ಯಯದಲ್ಲಿ ಸೂಚಿಸಿದ್ದಾನೆ. ಅನುವಾದದಲ್ಲಿ ಇದು ಉಳಿಯುವುದು ಕಷ್ಟ.

ನಿಯಮಕ್ಕೆ ಅಪವಾದಗಳೂ ಇವೆ, ಮತ್ತು ಇತಿಹಾಸಕಾರನಿಗೆ ಅಪವಾದಗಳೇ ಹೆಚ್ಚು ಬೆಲೆಯುಳ್ಳವು. ಅಬ್ರಹಾಮನು ಪರದೇಶದ ಅರಸನಾದ ಅಬೀಮೆಲೆಕನೊಡನೆ ಮಾತನಾಡುತ್ತ, ದೇವರು ತನ್ನನ್ನು ತಂದೆಯ ಮನೆಯಿಂದ ಹೊರಡಿಸಿದ ಸಂಗತಿಯನ್ನು ಬಹುವಚನದ ಕ್ರಿಯೆಯಿಂದ ಹೇಳುತ್ತಾನೆ (ಆದಿಕಾಂಡ ೨೦:೧೩). ಬೇತೇಲಿನಲ್ಲಿ ಯಾಕೋಬನಿಗೆ ದೇವರು ಕಾಣಿಸಿಕೊಂಡುದನ್ನು ಹೇಳುವ ಕ್ರಿಯೆಯೂ (೩೫:೭) ಬಹುವಚನವೇ. ‘ಜೀವವುಳ್ಳ ದೇವರು’ ಎನ್ನುವಾಗ ‘ಎಲೋಹೀಮ್ ಹಯ್ಯೀಮ್’ ಎಂದು ಬಹುವಚನದ ವಿಶೇಷಣ ಬರುವುದುಂಟು. ‘ಎಲೋಹೀಮ್ ಹಯ್’ ಎಂದು ಏಕವಚನದ ವಿಶೇಷಣ ಬರುವುದೂ ಉಂಟು. ಯೆಹೋಶುವನ ಗ್ರಂಥದಲ್ಲಿ (೨೪:೧೯) ದೇವರು ಪರಿಶುದ್ಧನೆಂದು ಹೇಳುವ ವಿಶೇಷಣವು ಬಹುವಚನವಾಗಿದ್ದು, ಅದಕ್ಕೆ ಹತ್ತಿಕೊಂಡೇ ‘ಅವನು’ ಎಂಬ ಏಕವಚನದ ಸರ್ವನಾಮ ನಿಂತಿದೆ. ಬರೆದವನಿಗೆ ಇದರಲ್ಲಿ ಯಾವ ವಿರೋಧವೂ ಕಾಣಲಿಲ್ಲವೆಂಬುದು ಸ್ಪಷ್ಟ.

ಆದರೆ ಮುಂದಿನವರಿಗೆ ವಿರೋಧವು ಕಾಣತೊಡಗಿತು. ೨ ಸಮುವೇಲ ೭:೨೩ರಲ್ಲಿ ದೇವರು ತನ್ನ ಜನವನ್ನು ಬಿಡಿಸಲು ಹೋದುದನ್ನು ಹೇಳುವ ಕ್ರಿಯೆ ಬಹುವಚನದಲ್ಲಿದೆ. ಅದೇ ವಾಕ್ಯವನ್ನು ತನ್ನ ಗ್ರಂಥಕ್ಕೆ ತೆಗೆದುಕೊಂಡ ಪೂರ್ವಕಾಲವೃತ್ತಾಂತದ ಕರ್ತೃವು (೧ ಪೂರ್ವಕಾಲವೃತ್ತಾಂತ ೧೭:೨೧) ಕ್ರಿಯೆಯನ್ನು ಏಕವಚನಕ್ಕೆ ತಿದ್ದಿದ್ದಾನೆ. ಆರೋನನು ಚಿನ್ನದ ಕರುವನ್ನು ಮಾಡಿಸಿದ ಪ್ರಸಂಗದಲ್ಲಿ ಜನರು ಆ ಒಂದು ಕರುವನ್ನೇ ತೋರಿಸಿ, ‘ಇವರು’ ನಿನ್ನನ್ನು ಐಗುಪ್ತದಿಂದ ಕರೆತಂದವರು ಎಂಬರ್ಥದಲ್ಲಿ ಬಹುವಚನವನ್ನು ಬಳಸುತ್ತಾರೆ (ವಿಮೋಚನಕಾಂಡ ೩೨:೪). ಬಹುಕಾಲದ ಮೇಲೆ ಅದೇ ಪ್ರಸಂಗವನ್ನು ನೆನೆಯುವ ನೆಹೆಮೀಯನ ಗ್ರಂಥದಲ್ಲಿ (೯:೧೮) ಅದು ಏಕವಚನವಾಗಿದೆ. ಸಮಾರ್ಯರು ಕಾಪಾಡಿಕೊಂಡು ಬಂದ ಪಂಚಗ್ರಂಥದಲ್ಲಿ ಮೇಲೆ ಹೇಳಿದ ಅಬ್ರಹಾಮ, ಯಾಕೋಬರ ವಾಕ್ಯಗಳೂ ಏಕವಚನಕ್ಕೆ ಸರಿಪಡಿಸಲ್ಪಟ್ಟಿವೆ. ಒಂದು ಕಾಲದಲ್ಲಿ ಸಹಜವಾಗಿದ್ದ ಪ್ರಯೋಗವು ಇನ್ನೊಂದು ಕಾಲಕ್ಕೆ ಮುಜುಗರವಾಯಿತು; ತಿದ್ದಿದವನ ಲೇಖನಿಯು ಮೂಲದವನ ನಂಬಿಕೆಗಿಂತ ಹೆಚ್ಚಾಗಿ ತನ್ನ ಕಾಲದ ಭಯವನ್ನು ನಮಗೆ ತಿಳಿಸುತ್ತದೆ. ಶಾಸನಪಾಠಗಳ ಪರಿಚಯವುಳ್ಳವರಿಗೆ ಇದು ಹೊಸ ಮಾತಲ್ಲ.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಯೆಹೂದ್ಯರು ಪಂಚಗ್ರಂಥವನ್ನು ಗ್ರೀಕಿಗೆ ತಂದಾಗ ಎಲೋಹೀಮ್ ‘ಥೆಯೋಸ್’ ಆಯಿತು, ಏಕವಚನ. ತೊಡಕು ಅಲ್ಲಿಗೇ ತೀರಿತೆನ್ನಬೇಕು. ಆದರೆ ಎಲೋಹೀಮ್ ಎಂಬುದನ್ನು ದೂಷಿಸಬಾರದೆಂಬ ವಿಧಿಯನ್ನು (ವಿಮೋಚನಕಾಂಡ ೨೨:೨೮) ಮಾತ್ರ ಅವರು ‘ದೇವರುಗಳನ್ನು’ ಎಂದು ಬಹುವಚನದಲ್ಲಿ ಅನುವಾದಿಸಿದರು. ಇದರ ಪರಿಣಾಮ ಅಲ್ಪವಲ್ಲ. ಮುಂದೆ ಫೈಲೋ ಮತ್ತು ಜೋಸೆಫಸ್ ಎಂಬ ಯೆಹೂದಿ ಗ್ರಂಥಕಾರರು, ಅನ್ಯಜನರು ದೇವರೆಂದು ನಂಬಿದವರನ್ನು ನಿಂದಿಸುವುದು ಮೋಶೆಯ ಧರ್ಮಶಾಸ್ತ್ರಕ್ಕೆ ವಿರುದ್ಧವೆಂದು ಈ ಗ್ರೀಕ್ ಪಾಠದ ಬಲದಿಂದ ವಾದಿಸಿದರು. ಒಂದು ಬಹುವಚನ ಪ್ರತ್ಯಯವು ರೋಮನ್ ಕಾಲದ ಬಹುಜನಾಂಗದ ಪಟ್ಟಣಗಳಲ್ಲಿ ನೆರೆಹೊರೆಯ ನೀತಿಯಾಗಿ ಪರಿಣಮಿಸಿತು.

ಬಹುವಚನಕ್ಕೆ ಕಾರಣವೇನು? ಮೊದಲು ಅನೇಕ ದೇವತೆಗಳ ಕಲ್ಪನೆಯಿದ್ದು ಶಬ್ದವು ಅಲ್ಲಿಂದ ಉಳಿಯಿತೆಂಬ ವಾದವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದನ್ನು ಸಾಧಿಸಲು ಈ ಶಬ್ದರೂಪವೊಂದೇ ಸಾಲದು. ತ್ರಿತ್ವದ ವಾದವಂತೂ ಹಿಂದಿನ ಶಬ್ದಕ್ಕೆ ಮುಂದಿನ ತತ್ತ್ವವನ್ನು ತೊಡಿಸಿದುದು. ಹಾಗೆ ನೋಡಿದರೆ ಅಷ್ಟೋರೆತಳಿಗೂ ದಾಗೋನನಿಗೂ ತ್ರಿತ್ವವನ್ನು ಹೇಳಬೇಕಾದೀತು. ಸರಿಯಾದ ದಾರಿಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಸ್ಪೇಯಿನಿನ ಯೆಹೂದಿ ವಿದ್ವಾಂಸನಾದ ಅಬ್ರಹಾಂ ಇಬ್ನ್ ಎಜ್ರಾ ತೋರಿಸಿದನು. ಇದು ಗೌರವದ ಬಹುವಚನ, ಇತರ ಭಾಷೆಗಳಲ್ಲಿಯೂ ಗೌರವವನ್ನು ಸೂಚಿಸುವ ಬೇರೆ ಬೇರೆ ರೀತಿಗಳಿವೆ ಎಂಬುದು ಅವನ ಅಭಿಪ್ರಾಯ. ೧೮೧೩ರಲ್ಲಿ ಮೊದಲು ಪ್ರಕಟವಾದ ಗೆಸೇನಿಯುಸನ ಹೀಬ್ರೂ ವ್ಯಾಕರಣದ ಪರಂಪರೆಯೂ ಇದನ್ನು ಮಹತ್ತ್ವವಾಚಕವಾದ ಬಹುವಚನವೆಂದೇ ಗಣಿಸಿದೆ. ಇದಕ್ಕೆ ಆಧಾರಗಳು ದೇವರ ವಿಷಯಕ್ಕೇ ಸೀಮಿತವಾಗಿಲ್ಲ. ‘ಒಡೆಯ’ ಎಂಬರ್ಥದ ‘ಆದೋನ್’ ಶಬ್ದವೂ ಹೀಗೆ ಬಹುವಚನವಾಗುತ್ತದೆ. ಯೆಶಾಯನ ೧೯ನೆಯ ಅಧ್ಯಾಯದಲ್ಲಿ ಕ್ರೂರನಾದ ಒಬ್ಬ ಒಡೆಯನನ್ನು ಹೇಳುವಾಗ ನಾಮಪದ ಬಹುವಚನ, ವಿಶೇಷಣ ಏಕವಚನ. ಎತ್ತು ಕತ್ತೆಗಳ ಯಜಮಾನನನ್ನು ಹೇಳುವ ‘ಬಾಲ್’ ಶಬ್ದವೂ ಇದೇ ರೀತಿ. ೧೮೮೭ರಲ್ಲಿ ಈಜಿಪ್ಟಿನ ಅಮಾರ್ನ ಎಂಬಲ್ಲಿ ದೊರೆತ ಜೇಡಿಮಣ್ಣಿನ ಹಲಗೆಗಳಲ್ಲಿ ಕಾನಾನ್ ದೇಶದ ಸಾಮಂತರು ಫರೋಹನಿಗೆ ಬರೆದ ಓಲೆಗಳಿವೆ. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಆ ಓಲೆಗಳಲ್ಲಿ ಒಬ್ಬನೇ ಅರಸನನ್ನು ‘ನನ್ನ ದೇವರುಗಳು’ ಎಂಬ ಬಹುವಚನದಿಂದ ಸಂಬೋಧಿಸಿದೆ. ಇಸ್ರಾಯೇಲ್ಯರು ಆ ನಾಡಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಮುಂಚಿನ ರೂಢಿಯಿದು.

ಇಲ್ಲಿಗೆ ಬಂದ ಕನ್ನಡಿಗನಿಗೆ ತನ್ನ ಅಂಗಳಕ್ಕೇ ಬಂದಂತಾಗುತ್ತದೆ. ‘ದೇವರು’ ಎಂಬುದು ಸಂಸ್ಕೃತದ ‘ದೇವ’ಕ್ಕೆ ಕನ್ನಡದ ‘ಅರು’ ಎಂಬ ಬಹುವಚನ ಪ್ರತ್ಯಯ ಸೇರಿ ಆದ ರೂಪ. ಅರಸರು, ಗುರುಗಳು, ತಂದೆಯವರು ಎಂಬಲ್ಲಿ ಹೇಗೋ ಹಾಗೆ ಇದು ಪೂಜಾರ್ಥದ ಬಹುವಚನ. ಆದರೆ ವ್ಯತ್ಯಾಸವೊಂದಿದೆ. ಗುರುಗಳು ‘ಬಂದರು’, ತಂದೆಯವರು ‘ಹೇಳಿದರು’. ದೇವರು ಮಾತ್ರ ‘ಕೊಟ್ಟನು’, ‘ಕಾಪಾಡಿದನು’, ‘ಇದ್ದಾನೆ’. ಮನುಷ್ಯರಲ್ಲಿ ಕರ್ತೃವಿಗೂ ಕ್ರಿಯೆಗೂ ಹೊಂದಿಕೆ ತಪ್ಪಿದರೆ ನಾವು ಅದನ್ನು ಅವಿನಯವೆಂದೆಣಿಸುತ್ತೇವೆ, ದೇವರ ವಿಷಯದಲ್ಲಿ ಅದು ನಮಗೆ ತಪ್ಪೆಂದು ಕೇಳಿಸುವುದೇ ಇಲ್ಲ. ನಾಮಪದವು ದೂರದ ಗೌರವವನ್ನು ಹೇಳಿದರೆ ಕ್ರಿಯಾಪದವು ಭಕ್ತನ ಸಲಿಗೆಯನ್ನು ಹೇಳುತ್ತದೆ ಎಂದು ನನ್ನ ಊಹೆ. ಕನ್ನಡದ ಭಕ್ತನು ದೇವರನ್ನು ಎದುರಿಗಿಟ್ಟುಕೊಂಡು ‘ನೀನು’ ಎನ್ನುವನಲ್ಲದೆ ‘ನೀವು’ ಎನ್ನುವುದು ವಿರಳ. ಮೂರನೆಯ ಪ್ರಯೋಗವೂ ಇದೆ. ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿಯ ಗುಡಿಯ ಬಳಿ ಉತ್ಸವಮೂರ್ತಿ ಹೊರಬಿದ್ದರೆ ನೆರೆದವರು ‘ದೇವರು ಬಂತು’ ಎನ್ನುತ್ತಾರೆ. ಊರಹಬ್ಬದಲ್ಲಿ ಯಾರದೋ ಮೈಮೇಲೆ ‘ದೇವರು ಬರುತ್ತದೆ’. ಇಲ್ಲಿ ಕ್ರಿಯೆ ನಪುಂಸಕ. ಏಂದೋರಿನ ಸ್ತ್ರೀಯು ಕಂಡ ಎಲೋಹೀಮನ್ನು ನಮ್ಮ ಹಳ್ಳಿಯವರು ಈ ಮೂರನೆಯ ಪ್ರಯೋಗದಲ್ಲಿಯೇ ಹೇಳುತ್ತಿದ್ದರೆಂದು ತೋರುತ್ತದೆ. ಹೀಬ್ರೂವಿನಲ್ಲಿ ನಪುಂಸಕಲಿಂಗವಿಲ್ಲವಾದ್ದರಿಂದ ಆ ಭಾಷೆಗೆ ಈ ಅನುಕೂಲ ಇರಲಿಲ್ಲ.

ಅರ್ಥದ ಹರಹಿನಲ್ಲಿಯೂ ಹೋಲಿಕೆಯಿದೆ. ಮಾರಮ್ಮನೂ ದೇವರೇ, ಮುನೇಶ್ವರನೂ ದೇವರೇ. ಉತ್ತರ ಕರ್ನಾಟಕದ ವೀರಶೈವ ಮಠಗಳಲ್ಲಿ ಮರಿಸ್ವಾಮಿಗಳ ಹೆಸರಿನ ಮುಂದೆ ‘ದೇವರು’ ಎಂದು ಸೇರಿಸುವುದು ಈಗಲೂ ರೂಢಿಯಲ್ಲಿದೆ. ಶಾಸನಗಳಲ್ಲಿ ಹೊಯ್ಸಳ ದೊರೆಗಳು ಬಲ್ಲಾಳದೇವರು, ನರಸಿಂಹದೇವರು. ಅವರು ಭೂಮಿ ಬಿಟ್ಟುದೂ ಇಂಥ ದೇವರ ಅಂಗಭೋಗ ರಂಗಭೋಗಗಳಿಗೆ. ವಿದ್ಯಾರ್ಥಿಯಾಗಿದ್ದಾಗ ಒಂದು ಶಾಸನದ ಪಾಠದಲ್ಲಿ ಬರಿದೇ ‘ದೇವರು’ ಎಂದಿದ್ದುದನ್ನು ಗುಡಿಯ ಮೂರ್ತಿಯೆಂದು ತಿಳಿದು ಎರಡು ಪುಟ ಬರೆದಿದ್ದೆನು; ಅದು ಆಳುತ್ತಿದ್ದ ಅರಸನೆಂದು ಆಮೇಲೆ ತಿಳಿಯಿತು. ‘ರಾಜ್ಯಂ ಗೆಯ್ಯುತ್ತಿರಲು’ ಎಂಬ ಸೂತ್ರದ ಕ್ರಿಯೆಯು ಅಪೂರ್ಣವಾದ್ದರಿಂದ ಅದರಲ್ಲಿ ವಚನವೇ ತೋರುವುದಿಲ್ಲ. ವಾಕ್ಯದ ಕೊನೆಯ ಪೂರ್ಣಕ್ರಿಯೆಯವರೆಗೆ ಹೋಗಿ ನೋಡುವ ತಾಳ್ಮೆ ನನಗಿರಲಿಲ್ಲ.

ಶಾಸನಗಳ ಮಾತು ಬಂದುದರಿಂದ ಬೆಂಗಳೂರಿನ ಒಂದು ಮನೆತನವನ್ನು ಇಲ್ಲಿ ನೆನೆಯುವುದು ಯುಕ್ತ. ಲಂಡನ್ ಮಿಷನಿನ ಬೆಂಜಮಿನ್ ರೈಸ್ ಈ ನಗರದಲ್ಲಿ ದೀರ್ಘಕಾಲ ಕೆಲಸಮಾಡಿ ೧೮೮೭ರಲ್ಲಿ ತೀರಿಕೊಂಡರು; ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದು. ಅದೇ ಮಿಷನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಕನ್ನಡ ಬೈಬಲಿನ ಕಾರ್ಯವನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪರಿಷ್ಕರಿಸಿದವರಲ್ಲಿ ಈ ರೈಸರೂ ಬಾಸೆಲ್ ಮಿಷನಿನ ವೈಗ್ಲೆಯೂ ಸೇರಿದ್ದರು. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಅವರ ಮಗ ಬಿ. ಎಲ್. ರೈಸ್ ೧೮೮೬ರಿಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ಹೊರತಂದರು, ಕೆಂಗೇರಿಯ ಸೀಮೆಯನ್ನೊಳಗೊಂಡ ಬೆಂಗಳೂರು ಜಿಲ್ಲೆಯ ಶಾಸನಗಳು ಒಂಬತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಅಚ್ಚಾದುವು. ತಂದೆಯ ಮೇಜಿನ ಮೇಲೆ ಎಲೋಹೀಮನ್ನು ಕನ್ನಡಿಸಬೇಕಾದ ಶಬ್ದವಾಗಿ ‘ದೇವರು’, ಮಗನ ಮೇಜಿನ ಮೇಲೆ ಕಲ್ಲಿನಿಂದ ಇಳಿಸಿಕೊಂಡ ‘ದೇವರು’. ಈ ಕುರಿತು ತಂದೆಮಕ್ಕಳು ಮಾತನಾಡಿಕೊಂಡಿದ್ದರೆ ಅದನ್ನು ಕೇಳುವ ಭಾಗ್ಯ ನಮಗಿಲ್ಲ.

ಬಹುಕಾಲ ಬಳಕೆಯಲ್ಲಿದ್ದು ಈಗಲೂ ಅನೇಕ ಸಭೆಗಳಲ್ಲಿ ಓದಲ್ಪಡುವ ಹಳೆಯ ‘ಸತ್ಯವೇದ’ದಲ್ಲಿ ಕರ್ತೃಪದವು ‘ದೇವರು’, ಕ್ರಿಯಾಪದವು ‘ನು’ ಎಂದು ಮುಗಿಯುವ ಏಕವಚನ, ಸರ್ವನಾಮ ‘ತನ್ನ’. ನೆರೆಯ ಭಾಷೆಗಳೊಡನೆ ಇದನ್ನು ಹೋಲಿಸಿದರೆ ಕನ್ನಡದ ವಿಶೇಷವು ಎದ್ದುಕಾಣುತ್ತದೆ. ತೆಲುಗಿನಲ್ಲಿ ‘ದೇವುಡು’ ಏಕವಚನ, ‘ಸೃಜಿಂಚೆನು’ ಎಂಬ ಕ್ರಿಯೆಯೂ ಏಕವಚನ. ಅಲ್ಲಿ ತೊಡಕೇ ಇಲ್ಲ. ಮಲಯಾಳದ ‘ದೈವಂ’ ಶಬ್ದಕ್ಕೆ ಬರುವ ಕ್ರಿಯೆಯಲ್ಲಿ ಲಿಂಗವಚನಗಳ ಸೂಚನೆಯೇ ಇಲ್ಲ. ತಮಿಳಿನಲ್ಲಿ ಸರ್ವೇಸುರನ್, ಪರಾಪರನ್, ದೇವನ್, ಕಡವುಳ್ ಎಂದು ಅನುವಾದದಿಂದ ಅನುವಾದಕ್ಕೆ ಶಬ್ದವೇ ಬದಲಾಯಿತು; ಅವುಗಳಲ್ಲಿ ಬಹುಪ್ರಚಾರದ ಪಾಠದಲ್ಲಿ ‘ದೇವನ್’ ಏಕವಚನ, ಆದರೆ ಕ್ರಿಯೆಯು ‘ಆರ್’ ಎಂದು ಮುಗಿಯುವ ಗೌರವದ ಬಹುವಚನ. ಎಂದರೆ ಹೀಬ್ರೂವಿಗೆ ತಿರುಗುಮುರುಗು. ಈ ನಾಲ್ಕು ಭಾಷೆಗಳಲ್ಲಿ ಬಹುವಚನದ ನಾಮಪದಕ್ಕೆ ಏಕವಚನದ ಕ್ರಿಯೆಯನ್ನು ಕೂಡಿಸಿ ಹೀಬ್ರೂವಿನ ಕಟ್ಟನ್ನೇ ಇಟ್ಟುಕೊಂಡದ್ದು ಕನ್ನಡವೊಂದೇ. ಹೀಬ್ರೂವಿನಲ್ಲಿ ಕ್ರಿಯೆ ಮೊದಲು ಬರುವುದರಿಂದ ಓದುಗನು ಒಬ್ಬನೆಂದು ತಿಳಿದ ಮೇಲೆ ಬಹುವಚನದ ಹೆಸರನ್ನು ಕಾಣುತ್ತಾನೆ. ಕನ್ನಡದಲ್ಲಿ ಮೊದಲು ಹೆಸರನ್ನು ಕಂಡು, ಒಬ್ಬನೆಂಬುದಕ್ಕೆ ವಾಕ್ಯದ ತುದಿಯವರೆಗೆ ಕಾಯುತ್ತಾನೆ. ಅಷ್ಟೇ ಅಂತರ.

ಅನುವಾದಕರು ಹೀಬ್ರೂವನ್ನು ಅನುಕರಿಸಲೆ೦ದು ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಅವರು ಸಂತೆಯಲ್ಲಿಯೂ ಜಗಲಿಯಲ್ಲಿಯೂ ಕೇಳಿದ ಮಾತನ್ನು ತೆಗೆದುಕೊಂಡರು, ಆ ಮಾತು ತಾನಾಗಿಯೇ ಹೀಬ್ರೂವಿನ ಅಚ್ಚಿಗೆ ಕೂತಿತು. ಈ ಸಾಮ್ಯದಿಂದ ಎರಡು ಭಾಷೆಗಳಿಗೆ ನೆಂಟಸ್ತಿಕೆಯನ್ನು ಕಲ್ಪಿಸಲು ಹೊರಡುವವರನ್ನೂ ಇಲ್ಲಿಯೇ ತಡೆಯಬೇಕು. ಗೌರವಕ್ಕೆ ಬಹುವಚನವನ್ನು ಬಳಸುವುದು ಸಂಬಂಧವಿಲ್ಲದ ಎಷ್ಟೋ ಭಾಷೆಗಳಲ್ಲಿ ಪ್ರತ್ಯೇಕವಾಗಿ ಹುಟ್ಟಿಕೊಂಡ ರೂಢಿ. ಸಾಮ್ಯವು ಪೂರ್ಣವೂ ಅಲ್ಲ. ಕನ್ನಡದ ‘ದೇವರು’ ಶಬ್ದದಲ್ಲಿ ಬಹುತ್ವವು ಎಷ್ಟು ಸವೆದುಹೋಗಿದೆಯೆಂದರೆ ಹಲವರನ್ನು ಹೇಳಬೇಕಾದರೆ ‘ಗಳು’ ಎಂಬ ಎರಡನೆಯ ಪ್ರತ್ಯಯವನ್ನು ಹೊರಿಸಿ ‘ದೇವರುಗಳು’ ಎನ್ನಬೇಕು, ಇಲ್ಲವೆ ‘ದೇವತೆಗಳು’ ಎನ್ನಬೇಕು. ಹೀಬ್ರೂವಿಗೆ ಆ ಎರಡನೆಯ ಪ್ರತ್ಯಯವಿಲ್ಲ. ಆದ್ದರಿಂದ ಮೂಲದಲ್ಲಿ ಸಂದಿಗ್ಧವಾಗಿ ಉಳಿಯಬಹುದಾದ ಕಡೆಯಲ್ಲಿ ಕನ್ನಡದ ಅನುವಾದಕನು ತೀರ್ಪು ಕೊಡಲೇಬೇಕಾಗುತ್ತದೆ.

ಮನುಷ್ಯನನ್ನು ಉಂಟುಮಾಡೋಣವೆಂದು ದೇವರು ಬಹುವಚನದಲ್ಲಿ ಆಡುವ ಪ್ರಸಿದ್ಧ ಮಾತಿನಲ್ಲಿ (ಆದಿಕಾಂಡ ೧:೨೬) ತೀರ್ಪಿನ ಹೊರೆ ತೆಲುಗು ತಮಿಳುಗಳ ಮೇಲೆ ಬಿದ್ದಿತು. ಕೇಳುವವನನ್ನು ಸೇರಿಸಿಕೊಂಡ ‘ನಾವು’ ಬೇರೆ, ಬಿಟ್ಟ ‘ನಾವು’ ಬೇರೆ ಎಂಬ ಭೇದ ಆ ಭಾಷೆಗಳಲ್ಲಿದೆ. ಅವೆರಡೂ ಸೇರಿಸಿಕೊಂಡ ರೂಪವನ್ನು ಆರಿಸಿದುವು. ಹಾಗೆ ಆರಿಸಿದೊಡನೆ ಎದುರಿನಲ್ಲಿ ಕೇಳುವವರು ಯಾರೋ ಇದ್ದಾರೆಂದಾಯಿತು. ಹೀಬ್ರೂ ಅರಸರು ತಮ್ಮನ್ನು ತಾವೇ ‘ನಾವು’ ಎಂದುಕೊಳ್ಳುವ ಪದ್ಧತಿ ಕಾಣದಿರುವುದರಿಂದ, ಇದು ದೇವಸಭೆಯನ್ನು ಕುರಿತ ಮಾತೆಂದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ಕನ್ನಡದ ‘ನಾವು’ ಎರಡಕ್ಕೂ ಒಂದೇ ಆದುದರಿಂದ ನಮ್ಮ ಅನುವಾದಕರು ಈ ಕಷ್ಟದಿಂದ ಪಾರಾದರು.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸಿದ್ಧವಾದ ಸಾಮಾನ್ಯ ಭಾಷೆಯ ಕನ್ನಡ ಅನುವಾದದಲ್ಲಿ ಮಾರ್ಪಾಡೊಂದು ಆಗಿದೆ. ಅಲ್ಲಿ ದೇವರು ‘ಪ್ರೀತಿಸಿದರು’, ‘ಹೆಸರಿಟ್ಟರು’, ಸರ್ವನಾಮವೂ ‘ತಮ್ಮ’. ನಗರದ ಸುಶಿಕ್ಷಿತ ಕನ್ನಡದಲ್ಲಿ ಏಕವಚನವು ಒರಟೆಂದು ಕೇಳಿಸತೊಡಗಿದ ಕಾಲದ ಮಾರ್ಪಾಡಿದು, ಅದರ ಹಿಂದಿನ ವಿನಯವನ್ನು ನಾನು ಹಳಿಯಲಾರೆನು. ಪೂರ್ವಕಾಲವೃತ್ತಾಂತದ ಕರ್ತೃವು ಹೊಂದಿಕೆಗಾಗಿ ಕ್ರಿಯೆಯನ್ನು ಏಕವಚನಕ್ಕೆ ಇಳಿಸಿದನು. ನಮ್ಮವರು ಹೊಂದಿಕೆಗಾಗಿ ಬಹುವಚನಕ್ಕೆ ಏರಿಸಿದರು. ಇಬ್ಬರನ್ನೂ ಕಾಡಿದ್ದು ಒಂದೇ ಮುಜುಗರ. ಆದರೆ ಆಯ್ಕೆ ನನ್ನದಾಗಿದ್ದರೆ ಹಳೆಯ ಪಾಠವನ್ನೇ ಉಳಿಸುತ್ತಿದ್ದೆನು. ಎಲ್ಲ ಕ್ರಿಯೆಗಳೂ ‘ರು’ ಎಂದು ಮುಗಿದರೆ ಏಲಿಯ ಆಣೆಗೂ ಈಜೆಬೆಲಳ ಆಣೆಗೂ ಇರುವ ಭೇದವನ್ನು ಕ್ರಿಯಾಪದದಲ್ಲಿ ತೋರಿಸುವ ಸಾಧನವು ಕೈತಪ್ಪಿಹೋಗುತ್ತದೆ.

೮೨ನೆಯ ಕೀರ್ತನೆಯ ಮೊದಲನೆಯ ವಾಕ್ಯದಲ್ಲಿ ಈ ಶಬ್ದವು ಎರಡು ಬಾರಿ ಬಂದಿದೆ. ಮೊದಲನೆಯ ಎಲೋಹೀಮ್ ಸಭೆಯಲ್ಲಿ ಎದ್ದುನಿಂತವನು. ಎರಡನೆಯ ಎಲೋಹೀಮ್ ಅವನು ಯಾರ ನಡುವೆ ನ್ಯಾಯತೀರಿಸುತ್ತಾನೋ ಅವರು. ರೂಪದಲ್ಲಿ ಒಂದಕ್ಷರದ ಅಂತರವೂ ಇಲ್ಲ. ನಿಂತವನನ್ನು ಹೇಳುವ ಪದ ಏಕವಚನ, ‘ನಡುವೆ’ ಎಂಬುದು ಹಲವರನ್ನು ಬೇಡುವ ಪದ. ಮುಂದಿನ ತರಗತಿಯಲ್ಲಿ ಈ ವಾಕ್ಯದ ಶಬ್ದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಕನ್ನಡದಲ್ಲಿ ಇದನ್ನು ‘ಗಳು’ ಸೇರಿಸದೆ ಹೇಳಲು ಸಾಧ್ಯವೇ ಎಂದು ಕೇಳಿದೆನು. ಅರ್ಧ ಗಂಟೆಯ ಚರ್ಚೆಯಾದರೂ ಆಗಲಿಲ್ಲ.